ಹಿಪೊಕ್ಯಾಂಪಸ್ ಸ್ಲೈಸ್‌ನಲ್ಲಿ ಎಲ್‌ಟಿಪಿ ದಾಖಲಿಸುವುದು: ದ್ರಾವಣದಿಂದ ಗ್ರಾಫ್‌ವರೆಗೆ

ಒಂದು ನರಮಾರ್ಗಕ್ಕೆ 100 ಹರ್ಟ್ಸ್‌ನಲ್ಲಿ ಒಂದೇ ಸೆಕೆಂಡ್ ಪ್ರಚೋದನೆ ಕೊಟ್ಟ ಮೇಲೆ, ಅಲ್ಲಿನ ಸಿನಾಪ್ಸ್‌ಗಳ, ಅಂದರೆ ನರಕೋಶಗಳು ಸಂಧಿಸುವ ಜಾಗಗಳ, ಪ್ರತಿಕ್ರಿಯೆ ಒಂದೂವರೆ ಪಟ್ಟು ದೊಡ್ಡದಾಗಿ ಗಂಟೆಗಟ್ಟಲೆ ಹಾಗೆಯೇ ಉಳಿಯಬಲ್ಲದು. ಇದಕ್ಕೆ ಲಾಂಗ್ ಟರ್ಮ್ ಪೊಟೆನ್ಷಿಯೇಷನ್, ಚಿಕ್ಕದಾಗಿ ಎಲ್‌ಟಿಪಿ ಎಂದು ಹೆಸರು. ಕಲಿಕೆ ಮತ್ತು ನೆನಪಿನ ಕೋಶಮಟ್ಟದ ಮಾದರಿಯಾಗಿ ಅತಿ ಹೆಚ್ಚು ಅಧ್ಯಯನವಾಗಿರುವುದು ಇದೇ. ಆದರೆ ಪರದೆಯ ಮೇಲಿನ ಗೆರೆ ಏರಿದ ಮಾತ್ರಕ್ಕೆ ಸಿನಾಪ್ಸ್ ಬಲಗೊಂಡಿತು ಎನ್ನಲಾಗದು. ಚೇಂಬರಿನ ಬಿಸಿ ಎರಡು ಡಿಗ್ರಿ ಹೆಚ್ಚಿದರೂ ಗೆರೆ ಏರುತ್ತದೆ, ಎಲೆಕ್ಟ್ರೋಡ್ ಕೂದಲೆಳೆಯಷ್ಟು ಸರಿದರೂ ಏರುತ್ತದೆ. ಕೆಳಗಿನ ಹೆಜ್ಜೆಗಳಲ್ಲಿ ಅರ್ಧಕ್ಕರ್ಧ ಇರುವುದೇ ಅಂಥ ಸುಳ್ಳು ಏರಿಕೆಗಳನ್ನು ಹೊರಗಿಡಲು.

ಅಣುಮಟ್ಟದಲ್ಲಿ ನಡೆಯುವುದೇನು

ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೊ 1973ರಲ್ಲಿ ಪ್ರಕಟಿಸಿದ ಎಲ್‌ಟಿಪಿ ಪ್ರಯೋಗ ನಡೆದದ್ದು ಅರಿವಳಿಕೆ ಕೊಟ್ಟ ಮೊಲಗಳ ಡೆಂಟೇಟ್ ಗೈರಸ್‌ನಲ್ಲಿ, ಅಂದರೆ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗದ ಒಂದು ವಲಯದಲ್ಲಿ. ಈಗ ಹೆಚ್ಚಿನವರು ಇಲಿಯ ಅಥವಾ ಚಿಟ್ಟಿಲಿಯ ಹಿಪೊಕ್ಯಾಂಪಸ್ ಸ್ಲೈಸ್‌ನಲ್ಲಿ (ಜೀವಂತವಾಗಿಟ್ಟ ತೆಳು ಹೋಳಿನಲ್ಲಿ), ಸಿಎ3 ವಲಯದ ಕೋಶಗಳಿಂದ ಸಿಎ1 ವಲಯದ ಕೋಶಗಳಿಗೆ ಬರುವ ಷಾಫರ್ ಕೊಲ್ಯಾಟರಲ್ ತಂತುಗಳ ಮೇಲೆ ಮಾಡುತ್ತಾರೆ. ಮಾರ್ಗ ನೇರ, ಪದರಗಳು ಬರಿಗಣ್ಣಿಗೂ ಸ್ಪಷ್ಟ.

ತಂತುವಿನ ತುದಿಯಿಂದ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಎದುರುಬದಿಯ ಆಂಪಾ ಗ್ರಾಹಕಗಳನ್ನು (ರಾಸಾಯನಿಕ ಅಂಟಿದಾಗ ತೆರೆಯುವ ಪ್ರೋಟೀನ್ ಬಾಗಿಲುಗಳನ್ನು) ತೆರೆದು ಸೋಡಿಯಂ ಒಳಗೆ ಬಿಡುತ್ತದೆ. ನಾವು ಅಳೆಯುವ ಸಂಕೇತದ ಬಹುಪಾಲು ಇದೇ. ಪಕ್ಕದಲ್ಲೇ ಇರುವ ಎನ್‌ಎಂಡಿಎ ಗ್ರಾಹಕಕ್ಕೂ ಗ್ಲುಟಮೇಟ್ ಅಂಟಿಕೊಳ್ಳುತ್ತದೆ. ಆದರೆ ಕೋಶ ವಿಶ್ರಾಂತಿಯಲ್ಲಿ, ಅಂದರೆ ಸುಮಾರು ಮೈನಸ್ 70 ಮಿಲಿವೋಲ್ಟ್‌ನಲ್ಲಿ ಇರುವಾಗ, ಆ ರಂಧ್ರದಲ್ಲಿ ಮೆಗ್ನೀಸಿಯಂ ಅಯಾನು ಅಡ್ಡ ಕೂತಿರುತ್ತದೆ. ಮೇಲಿಂದ ಮೇಲೆ ಸಂಕೇತ ಬಿದ್ದು ಪೊರೆಯ ವೋಲ್ಟೇಜ್ ಮೇಲೇರಿದಾಗ ಮಾತ್ರ ಅದು ಜಾಗ ಬಿಡುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಈ ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಸೇರುತ್ತದೆ, ಆ ಜೋಡಿ ಕ್ಯಾಮ್‌ಕೈನೇಸ್-2 ಎಂಬ ಹನ್ನೆರಡು ಘಟಕಗಳ ಕಿಣ್ವವನ್ನು ಎಬ್ಬಿಸುತ್ತದೆ. ಕಿಣ್ವವು ತನ್ನದೇ 286ನೇ ಅಮೈನೋ ಆಮ್ಲವಾದ ಥ್ರಿಯೋನಿನ್‌ಗೆ ಫಾಸ್ಫೇಟ್ ಅಂಟಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಕೆಲಹೊತ್ತು ಚುರುಕಾಗಿರುತ್ತದೆ. ಕೊನೆಗೆ ಸಿನಾಪ್ಸ್‌ನಲ್ಲಿ ಆಂಪಾ ಗ್ರಾಹಕಗಳು ಹೆಚ್ಚುತ್ತವೆ, ಅಷ್ಟೇ ಗ್ಲುಟಮೇಟ್‌ಗೆ ಪ್ರತಿಕ್ರಿಯೆ ದೊಡ್ಡದಾಗುತ್ತದೆ.

ಈ ಸರಪಳಿ ತಲೆಯಲ್ಲಿದ್ದರೆ ದೋಷ ಹುಡುಕುವುದು ಸುಲಭ. ಮೆಗ್ನೀಸಿಯಂ ಅಳತೆ ತಪ್ಪಿದರೆ ಏನಾಗುತ್ತದೆ, ಕ್ಯಾಲ್ಸಿಯಂ ಹಾಕಲು ಮರೆತರೆ ಪರದೆಯಲ್ಲಿ ಏನು ಕಾಣುತ್ತದೆ ಎಂಬುದನ್ನು ಕೂತಲ್ಲೇ ಊಹಿಸಬಹುದು.

ಮೊದಲು ಅನುಮತಿ

ಭಾರತದಲ್ಲಿ ಈ ಕೆಲಸಕ್ಕೆ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಬೇಕೇ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ರಚನೆಯಾದ ಸಿಸಿಎಸ್‌ಇಎ ಎಂಬ ಸಮಿತಿಯದು ಇದರ ಮೇಲುಸ್ತುವಾರಿ. ಅರಿವಳಿಕೆ ಯಾವುದು, ಪ್ರಾಣಿಗಳು ಎಷ್ಟು, ಯಾರು ಮಾಡುತ್ತಾರೆ ಎಂಬುದೆಲ್ಲ ಅರ್ಜಿಯಲ್ಲಿ ಬರೆದಂತೆಯೇ ನಡೆಯಬೇಕು. ಪ್ರಾಣಿಯ ಮೇಲಿನ ಹಂತವನ್ನು ತರಬೇತಿ ಪಡೆದವರ ಜೊತೆಯಲ್ಲೇ ಕಲಿಯಬೇಕು, ಓದಿ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್, ನಿಮ್ಹಾನ್ಸ್‌ನಂಥ ಕಡೆ ನರವಿಜ್ಞಾನದ ಪ್ರಯೋಗಾಲಯಗಳಿವೆ. ಹೊಸಬರು ಇಂಥ ಕಡೆ ಕೈಪಳಗಿದವರ ಪಕ್ಕ ನಿಂತು ನೋಡುವುದು ಲೇಸು.

ದ್ರಾವಣಗಳು

ಎರಡು ದ್ರಾವಣ ಬೇಕು: ಕತ್ತರಿಸಲು ಒಂದು, ದಾಖಲಿಸಲು ಇನ್ನೊಂದು. ದಾಖಲಿಸುವುದು ಮೆದುಳು-ಬೆನ್ನುಹುರಿ ದ್ರವದ ಕೃತಕ ರೂಪ, ಎಲ್ಲರ ಬಾಯಲ್ಲೂ ಎಸಿಎಸ್‌ಎಫ್. ಒಂದು ಲೀಟರಿಗೆ:

- ಸೋಡಿಯಂ ಕ್ಲೋರೈಡ್ 7.31 ಗ್ರಾಂ (125 ಮಿಲಿಮೋಲಾರ್)
- ಪೊಟ್ಯಾಸಿಯಂ ಕ್ಲೋರೈಡ್ 0.186 ಗ್ರಾಂ (2.5)
- ನೀರಿನಂಶವಿಲ್ಲದ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.150 ಗ್ರಾಂ (1.25)
- ಸೋಡಿಯಂ ಬೈಕಾರ್ಬನೇಟ್ 2.10 ಗ್ರಾಂ (25)
- ಗ್ಲೂಕೋಸ್ 1.80 ಗ್ರಾಂ (10)
- 1 ಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ 1 ಮಿಲಿಲೀಟರ್ (1)
- 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 2 ಮಿಲಿಲೀಟರ್ (2)

ಫಾಸ್ಫೇಟ್ ಡಬ್ಬಿಯ ಮೇಲೆ ಮಾನೋಹೈಡ್ರೇಟ್ ಎಂದಿದ್ದರೆ 0.172 ಗ್ರಾಂ ತೂಗಿ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್‌ಗಳು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೆರೆದು ಮುಚ್ಚಿದ ಡಬ್ಬಿಯಿಂದ ತೂಗಿದರೆ ಅರ್ಧ ನೀರನ್ನೇ ತೂಗಿದಂತೆ. ಆದ್ದರಿಂದ ಸಿದ್ಧ 1 ಮೋಲಾರ್ ದ್ರಾವಣ ಕೊಳ್ಳುವುದೇ ವಾಸಿ.

ಕ್ಯಾಲ್ಸಿಯಂ ಯಾವಾಗಲೂ ಕೊನೆಗೆ. ಉಳಿದದ್ದೆಲ್ಲ ಕರಗಿಸಿ, ಕಾರ್ಬೋಜನ್, ಅಂದರೆ 95 ಶೇಕಡಾ ಆಮ್ಲಜನಕ ಮತ್ತು 5 ಶೇಕಡಾ ಇಂಗಾಲದ ಡೈಆಕ್ಸೈಡ್ ಮಿಶ್ರಣವನ್ನು, 15–20 ನಿಮಿಷ ಹಾಯಿಸಿದ ಮೇಲೆಯೇ ಹಾಕಿ. ಅನಿಲ ಹಾಯದ ಬೈಕಾರ್ಬನೇಟ್ ದ್ರಾವಣ ಕ್ಷಾರೀಯವಾಗಿರುತ್ತದೆ. ಅದಕ್ಕೆ ಕ್ಯಾಲ್ಸಿಯಂ ಬಿದ್ದೊಡನೆ ಕಾರ್ಬನೇಟ್ ಮತ್ತು ಫಾಸ್ಫೇಟ್ ಆಗಿ ಬಿಳಿ ಮಸುಕು ಕಟ್ಟುತ್ತದೆ. ಮಸುಕು ಕಂಡರೆ ಚೆಲ್ಲಿ. ಸೋಸಿದರೆ ದ್ರಾವಣ ತಿಳಿಯಾಗುತ್ತದೆ, ಕ್ಯಾಲ್ಸಿಯಂ ಎಷ್ಟು ಉಳಿಯಿತೆಂದು ಮಾತ್ರ ಗೊತ್ತಾಗುವುದಿಲ್ಲ.

ಆಸ್ಮೊಲಾರಿಟಿ (ಕರಗಿದ ಕಣಗಳ ಒಟ್ಟು ಸಾಂದ್ರತೆ) 300ರಿಂದ 310 ಮಿಲಿಆಸ್ಮೋಲ್ ಒಳಗೆ ಬರಬೇಕು. ಪಿಎಚ್ ಸಮುದ್ರಮಟ್ಟದಲ್ಲಿ ಸುಮಾರು 7.4. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಅದೇ ಸಿಲಿಂಡರಿನ ಅನಿಲ ಹಾಯಿಸಿದರೂ ಕರಗುವ ಇಂಗಾಲದ ಡೈಆಕ್ಸೈಡ್ ಅಷ್ಟೇ ಕಡಿಮೆ. ಹಾಗಾಗಿ ಪಿಎಚ್ ಸುಮಾರು 0.05 ಮೇಲೆ ಕೂರುತ್ತದೆ. ಇದನ್ನು ಆಮ್ಲ ಹಾಕಿ ಸರಿಪಡಿಸಲು ಹೋಗಬೇಡಿ.

ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ಒಂದು ಚೂರೂ ಸಡಿಲ ಬಿಡಬಾರದು. ಕೋಶದೊಳಗೆ 140 ಮಿಲಿಮೋಲಾರ್ ಇದೆಯೆಂದು ಹಿಡಿದರೆ, ಹೊರಗೆ 2.5 ಇದ್ದಾಗ 32 ಡಿಗ್ರಿಯಲ್ಲಿ ಪೊಟ್ಯಾಸಿಯಂನ ಸಮತೋಲನ ವೋಲ್ಟೇಜ್ ಸುಮಾರು ಮೈನಸ್ 106 ಮಿಲಿವೋಲ್ಟ್. ಕೈತಪ್ಪಿ ಎರಡು ಪಟ್ಟು ಹಾಕಿದರೆ ಅದು ಮೈನಸ್ 88ಕ್ಕೆ ಏರುತ್ತದೆ. ಕೋಶಗಳು ಉರಿಯುವ, ಅಂದರೆ ವಿದ್ಯುತ್ ಸಂಕೇತ ಹೊಡೆಯುವ, ಅಂಚಿಗೆ ಹತ್ತಿರವಾಗುತ್ತವೆ, ಸ್ಲೈಸ್ ಮೂರ್ಛೆರೋಗದಂತೆ ವರ್ತಿಸಲೂಬಹುದು.

ಕತ್ತರಿಸುವ ದ್ರಾವಣದಲ್ಲಿ ಸೋಡಿಯಂನ ಒಂದಷ್ಟು ಪಾಲನ್ನು ಸುಕ್ರೋಸ್‌ಗೆ ಬಿಟ್ಟುಕೊಡುತ್ತೇವೆ. ಲೀಟರಿಗೆ ಸೋಡಿಯಂ ಕ್ಲೋರೈಡ್ 5.08 ಗ್ರಾಂ, ಸುಕ್ರೋಸ್ 25.7 ಗ್ರಾಂ, ಗ್ಲೂಕೋಸ್ 4.50 ಗ್ರಾಂ, ಪೊಟ್ಯಾಸಿಯಂ, ಫಾಸ್ಫೇಟ್, ಬೈಕಾರ್ಬನೇಟ್ ಮೇಲಿನಂತೆಯೇ, ಮೆಗ್ನೀಸಿಯಂ 7 ಮಿಲಿಲೀಟರ್, ಕ್ಯಾಲ್ಸಿಯಂ ಬರೀ 0.5. ಕತ್ತರಿಸುವಾಗ ಸಾವಿರಾರು ತಂತುಗಳು ತುಂಡಾಗಿ ಗ್ಲುಟಮೇಟ್ ಸುರಿಯುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದರೆ ಆ ಸುರಿತ ತಗ್ಗುತ್ತದೆ, ಮೆಗ್ನೀಸಿಯಂ ಹೆಚ್ಚಿದ್ದರೆ ಎನ್‌ಎಂಡಿಎ ಬಾಗಿಲು ಮುಚ್ಚಿರುತ್ತದೆ. ಬಳಸುವ ಮೊದಲು ಇದನ್ನು ಫ್ರೀಜರಿನಲ್ಲಿಟ್ಟು ಅರ್ಧ ಹೆಪ್ಪುಗಟ್ಟಿಸಿ, ಕಾರ್ಬೋಜನ್ ಹಾಯಿಸುತ್ತಿರಿ.

ಸ್ಲೈಸ್ ಮಾಡುವುದು

3ರಿಂದ 8 ವಾರದ ಪ್ರಾಣಿಗಳಲ್ಲಿ ಕೆಲಸ ಸುಲಭ. ವಯಸ್ಸು ಹೆಚ್ಚಿದಷ್ಟೂ ಅಂಗಾಂಶ ಬೇಗ ಹಾಳಾಗುತ್ತದೆ. ಮೆದುಳು ಹೊರಬಂದು ತಣ್ಣನೆಯ ದ್ರಾವಣಕ್ಕೆ ಬೀಳಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಇಡೀ ದಿನದ ಫಲ ನಿರ್ಧಾರವಾಗುವುದು ಈ ಒಂದು ನಿಮಿಷದಲ್ಲಿ.

1. ಒಂದೆರಡು ನಿಮಿಷ ತಣಿಯಲು ಬಿಟ್ಟು, ಕಿರುಮೆದುಳನ್ನು ತೆಗೆದು, ಎರಡು ಅರ್ಧಗೋಳಗಳನ್ನು ಬೇರ್ಪಡಿಸಿ.
2. ಹಿಪೊಕ್ಯಾಂಪಸ್‌ನ ಉದ್ದಕ್ಕೆ ಅಡ್ಡವಾಗಿ ಬ್ಲೇಡ್ ಹಾಯುವಂತೆ ಬುಡವನ್ನು ಓರೆ ಕತ್ತರಿಸಿ, ಸೈನೊಆಕ್ರಿಲೇಟ್ ಅಂಟಿನ ತೆಳುವಾದ ಪದರದ ಮೇಲೆ ನಿಲ್ಲಿಸಿ. ಬೆನ್ನಿಗೆ ಅಗರ್ ತುಂಡು ಇರಲಿ. ಅಂಟು ಹೆಚ್ಚಾದರೆ ಅಂಗಾಂಶದ ಮೇಲೆ ಹರಿದು ಅದನ್ನು ಕೊಲ್ಲುತ್ತದೆ.
3. ವೈಬ್ರಟೋಮ್ ಎಂಬ ಕಂಪಿಸುವ ಬ್ಲೇಡಿನ ಯಂತ್ರದಲ್ಲಿ 350–400 ಮೈಕ್ರೋಮೀಟರ್ ದಪ್ಪಕ್ಕೆ, ಸೆಕೆಂಡಿಗೆ 0.05–0.1 ಮಿಲಿಮೀಟರ್ ವೇಗದಲ್ಲಿ ಕತ್ತರಿಸಿ.
4. ನಡುಭಾಗದ ಸ್ಲೈಸ್‌ಗಳನ್ನಷ್ಟೇ ಇಟ್ಟುಕೊಳ್ಳಿ. ಡೆಂಟೇಟ್, ಸಿಎ3, ಸಿಎ1 ಮೂರೂ ಒಂದೇ ಸ್ಲೈಸ್‌ನಲ್ಲಿ ಸ್ಪಷ್ಟವಾಗಿ ಕಾಣಬೇಕು.

ಬ್ಲೇಡ್ ಮೇಲಿನ ಎಣ್ಣೆಯನ್ನು ಅಸಿಟೋನ್ ಮತ್ತು ಎಥನಾಲ್‌ನಿಂದ ಒರೆಸಿ, ಪ್ರತಿ ಪ್ರಾಣಿಗೂ ಹೊಸ ಬ್ಲೇಡ್ ಹಾಕಿ. ಬ್ಲೇಡ್ ಅಡ್ಡಡ್ಡ ಅಲುಗಾಡಬೇಕು. ಮೇಲೆ ಕೆಳಗೆ ಒಂದು ಮೈಕ್ರೋಮೀಟರಿಗಿಂತ ಹೆಚ್ಚು ಕುಣಿದರೆ ಮೇಲ್ಮೈಯ ಕೋಶಗಳು ಜಜ್ಜಿಹೋಗುತ್ತವೆ. ಅಂಗಾಂಶ ಬ್ಲೇಡಿನ ಮುಂದೆ ತಳ್ಳಿಸಿಕೊಂಡು ಹೋಗುತ್ತಿದ್ದರೆ ವೇಗ ಇಳಿಸಿ, ಅಥವಾ ದ್ರಾವಣ ಬೆಚ್ಚಗಾಗಿದೆಯೇ ನೋಡಿ.

ಸ್ಲೈಸ್‌ಗಳನ್ನು ಅಗಲ ಬಾಯಿಯ ಡ್ರಾಪರ್‌ನಿಂದ ಎತ್ತಿ, 32–34 ಡಿಗ್ರಿಯ ಎಸಿಎಸ್‌ಎಫ್‌ನಲ್ಲಿ 30 ನಿಮಿಷ, ಆಮೇಲೆ ಕೋಣೆಯ ಉಷ್ಣತೆಯಲ್ಲಿ ಕನಿಷ್ಠ ಒಂದು ಗಂಟೆ ಬಿಡಿ. ಬಲೆಯ ಮೇಲೆ ಇಟ್ಟು ಎರಡೂ ಬದಿಗೆ ದ್ರಾವಣ ತಾಗುವಂತಿರಲಿ, ಗುಳ್ಳೆಗಳು ನೇರವಾಗಿ ಬಡಿಯದಿರಲಿ. ಈ ವಿರಾಮದಲ್ಲಿ ಅವಸರ ಮಾಡಿದವರ ಬೇಸ್‌ಲೈನ್ (ತೀವ್ರ ಪ್ರಚೋದನೆಗೆ ಮುಂಚಿನ ಮೂಲಮಟ್ಟ) ಆಮೇಲೆ ಗಂಟೆಗಟ್ಟಲೆ ಏರುತ್ತಲೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಜೀವಂತ ಸಿಎ1 ಕೋಶಗಳ ಅಂಚು ನಯ, ಬಣ್ಣ ಮಂದ. ಸತ್ತವು ಊದಿಕೊಂಡು, ನಡುವೆ ನ್ಯೂಕ್ಲಿಯಸ್ ಎದ್ದು ಕಂಡು, ಹೋಟೆಲಿನ ಬುಲ್ಸ್‌ಐ ಮೊಟ್ಟೆಯ ಹಾಗೆ ಕಾಣುತ್ತವೆ. ಮೇಲ್ಪದರದಲ್ಲಿ ಅಂಥವು ಕೆಲವು ಇದ್ದೇ ಇರುತ್ತವೆ. ಆಳದಲ್ಲೂ ಅವೇ ತುಂಬಿದ್ದರೆ ಆ ಸ್ಲೈಸ್ ಬಿಟ್ಟುಬಿಡಿ.

ಸಂಕೇತ ಹುಡುಕುವುದು

ಚೇಂಬರ್ 30–32 ಡಿಗ್ರಿ, ಹರಿವು ನಿಮಿಷಕ್ಕೆ 2–3 ಮಿಲಿಲೀಟರ್. ದಪ್ಪ ಸ್ಲೈಸ್‌ನ ಒಡಲಿಗೆ ಆಮ್ಲಜನಕ ತಲುಪುವುದು ಈ ಹರಿವಿನಿಂದಲೇ. ಕಾರ್ಬೋಜನ್ ಬಾಟಲಿಯಿಂದ ಚೇಂಬರಿಗೆ ಬರುವ ಕೊಳವೆ ಉದ್ದವಾದಷ್ಟೂ ಅನಿಲ ಗೋಡೆಯ ಮೂಲಕ ಸೋರಿಹೋಗುತ್ತದೆ, ಹಾಗಾಗಿ ಅದನ್ನು ಆದಷ್ಟು ಗಿಡ್ಡವಾಗಿಡಿ.

ದಾಖಲಿಸಲು ಎಸಿಎಸ್‌ಎಫ್ ತುಂಬಿದ, 1–3 ಮೆಗಾಓಮ್ ರೋಧದ ಗಾಜಿನ ಪಿಪೆಟ್. ಪ್ರಚೋದಿಸಲು ದ್ವಿಧ್ರುವ ಟಂಗ್‌ಸ್ಟನ್ ಎಲೆಕ್ಟ್ರೋಡ್. ಎರಡನ್ನೂ ಸಿಎ1ರ ಸ್ಟ್ರೇಟಮ್ ರೇಡಿಯೇಟಮ್ ಪದರದಲ್ಲಿ, ಕೋಶದೇಹಗಳ ಸಾಲಿನಿಂದ ಸಮದೂರದಲ್ಲಿ, ಒಂದರಿಂದೊಂದು 300–400 ಮೈಕ್ರೋಮೀಟರ್ ಅಂತರದಲ್ಲಿ ಇಳಿಸಿ. ಪ್ರಚೋದಕ ಸಿಎ3 ಬದಿಗಿರಲಿ. ಮೇಲ್ಪದರ ಸತ್ತಿರುವುದರಿಂದ ತುದಿ 50–100 ಮೈಕ್ರೋಮೀಟರ್ ಒಳಗಿಳಿಯಬೇಕು.

0.1 ಮಿಲಿಸೆಕೆಂಡ್ ಅಗಲದ ಪಲ್ಸ್ ಕೊಟ್ಟು ಪರದೆ ನೋಡಿ. ಮೊದಲು ಪ್ರಚೋದನೆಯ ಚೂಪು ಗೆರೆ. ಅದರ ಹಿಂದೆಯೇ ಸಣ್ಣ ಕೆಳಮುಖ ಮುಳ್ಳು: ಇದು ಫೈಬರ್ ವಾಲಿ, ಎಷ್ಟು ತಂತುಗಳು ಉರಿದವು ಎಂಬುದರ ಲೆಕ್ಕ. ಆಮೇಲೆ ಅಗಲವಾದ ಕೆಳಮುಖ ಅಲೆ: ಇದು ಫೀಲ್ಡ್ ಇಪಿಎಸ್‌ಪಿ, ಸಿನಾಪ್ಸ್‌ಗಳ ಒಟ್ಟು ಉತ್ತರ. ಈ ಎರಡನ್ನೂ ಪ್ರತ್ಯೇಕ ಗುರುತಿಸಲು ಬಾರದಿದ್ದರೆ ಮುಂದಿನದಕ್ಕೆ ಹೋಗಬೇಡಿ. ಒಳ್ಳೆಯ ಸ್ಲೈಸ್‌ನಲ್ಲಿ ಅಲೆ ವಾಲಿಗಿಂತ ಕನಿಷ್ಠ ಮೂರು ಪಟ್ಟು ಇರಲಿ ಎಂಬುದು ರೂಢಿಯ ಅಳತೆ.

ಅಲೆ ಮೇಲ್ಮುಖವಾಗಿದ್ದರೆ ಪಿಪೆಟ್ ಕೋಶದೇಹಗಳ ಸಾಲಿಗೆ ಹೋಗಿದೆ. ಕರೆಂಟ್ ಒಳಹೋಗುವುದು ಡೆಂಡ್ರೈಟ್‌ನಲ್ಲಿ (ಸಂಕೇತ ಪಡೆಯುವ ಕವಲಿನಲ್ಲಿ), ಹೊರಬರುವುದು ದೇಹದ ಬಳಿ. ವಾಲಿ ಇದೆ, ಅಲೆ ಇಲ್ಲವೆಂದರೆ ಮೊದಲ ಅನುಮಾನ ಕ್ಯಾಲ್ಸಿಯಂ ಮರೆತದ್ದರ ಮೇಲಿರಲಿ. ತಂತು ಉರಿಯಲು ಸೋಡಿಯಂ ಸಾಕು, ಗ್ಲುಟಮೇಟ್ ಬಿಡುಗಡೆಗೆ ಕ್ಯಾಲ್ಸಿಯಂ ಬೇಕು. ಎರಡೂ ಇಲ್ಲದೆ ಬರೀ ಚೂಪು ಗೆರೆಯಷ್ಟೇ ಕಂಡರೆ ಪ್ರಚೋದಕದ ತಂತಿ ನೋಡಿ. ಅದು ಸರಿಯಿದ್ದರೆ ಹಿಂದಿನವರು ಕೊಳವೆಯಲ್ಲಿ ಟೆಟ್ರೊಡೊಟಾಕ್ಸಿನ್ (ಸೋಡಿಯಂ ದಾರಿ ಮುಚ್ಚುವ ವಿಷ) ಬಿಟ್ಟುಹೋಗಿದ್ದಾರೆಯೇ ಕೇಳಿ.

50 ಹರ್ಟ್ಸ್ ಗುಂಯ್‌ಗುಡುವಿಕೆ ಇದ್ದರೆ ಉಪಕರಣಗಳ ಪ್ಲಗ್ ಒಂದೊಂದಾಗಿ ಕಿತ್ತು ನೋಡುವುದೇ ದಾರಿ. ಹೆಚ್ಚಾಗಿ ಸಿಕ್ಕಿಬೀಳುವುದು ಪಂಪ್, ಹೀಟರ್, ಎಲ್‌ಇಡಿ ದೀಪದ ಅಡಾಪ್ಟರ್. ಎಲ್ಲ ಲೋಹವನ್ನೂ ಒಂದೇ ಬಿಂದುವಿಗೆ ಅರ್ಥಿಂಗ್ ಮಾಡಿ. ಎರಡು ಕಡೆ ಮಾಡಿದರೆ ಸುತ್ತು ಉಂಟಾಗಿ ಗದ್ದಲ ಹೆಚ್ಚುತ್ತದೆ.

ಅಳತೆಗೆ ಅಲೆಯ ಎತ್ತರವಲ್ಲ, ಆರಂಭದ ಇಳಿಜಾರು ತೆಗೆದುಕೊಳ್ಳಿ, ಸಾಮಾನ್ಯವಾಗಿ 20ರಿಂದ 60 ಶೇಕಡಾ ನಡುವಿನ ಭಾಗ. ಅಲೆಯ ತುದಿಗೆ ಬರುವಷ್ಟರಲ್ಲಿ ಗಾಬಾ ಎಂಬ ತಡೆಯೊಡ್ಡುವ ರಾಸಾಯನಿಕದ ಪ್ರತಿಬಂಧ ಮತ್ತು ಕೋಶಗಳ ಸ್ವಂತ ಉರಿತ ಬೆರೆತುಹೋಗಿರುತ್ತದೆ.

ಬೇಸ್‌ಲೈನ್

ಕರೆಂಟನ್ನು 20 ಮೈಕ್ರೋಆಂಪಿಯರ್‌ನಿಂದ ಹಂತಹಂತವಾಗಿ ಏರಿಸಿ, ಪ್ರತಿ ಹಂತದ ವಾಲಿ ಮತ್ತು ಇಳಿಜಾರು ಬರೆದುಕೊಳ್ಳಿ. ಗರಿಷ್ಠದ 30–40 ಶೇಕಡಾ ಉತ್ತರ ಬರುವ ಕರೆಂಟಿನಲ್ಲಿ ನಿಲ್ಲಿಸಿ. ಇನ್ನೂ ಮೇಲಿಟ್ಟರೆ ಬೆಳೆಯಲು ಜಾಗವೇ ಉಳಿಯುವುದಿಲ್ಲ. ಅಲೆಯ ಮೇಲೆ ಕಚ್ಚು ಬಿದ್ದಂತೆ ಕಂಡರೆ ಕೋಶಗಳು ಉರಿಯುತ್ತಿವೆ, ಕರೆಂಟ್ ಇಳಿಸಿ.

50 ಮಿಲಿಸೆಕೆಂಡ್ ಅಂತರದ ಎರಡು ಪಲ್ಸ್ ಕೊಟ್ಟು ಎರಡನೆಯದರ ಇಳಿಜಾರನ್ನು ಮೊದಲನೆಯದರ ಇಳಿಜಾರಿನಿಂದ ಭಾಗಿಸಿ. ಈ ಸಿನಾಪ್ಸ್‌ನಲ್ಲಿ ಅದು 1ಕ್ಕಿಂತ ಹೆಚ್ಚಿರಬೇಕು. ಎಲ್‌ಟಿಪಿಯ ನಂತರವೂ ಈ ಅನುಪಾತ ಬದಲಾಗದಿದ್ದರೆ ಬದಲಾವಣೆ ಗ್ರಾಹಕದ ಬದಿಯದು ಎಂಬುದಕ್ಕೆ ಒಂದು ಸುಳಿವು, ಸಾಕ್ಷಿಯಲ್ಲ.

ಆಮೇಲೆ ಪ್ರತಿ 30 ಸೆಕೆಂಡಿಗೆ ಒಂದು ಪಲ್ಸ್, ಕನಿಷ್ಠ 20 ನಿಮಿಷ. ಇಳಿಜಾರು 5 ಶೇಕಡಾಕ್ಕಿಂತ ಹೆಚ್ಚು ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಕಾಯಿರಿ. 40 ನಿಮಿಷವಾದರೂ ನಿಲ್ಲದಿದ್ದರೆ ಸ್ಲೈಸ್ ಬದಲಿಸಿ. "ಪ್ರಚೋದನೆ ಕೊಟ್ಟ ಮೇಲೆ ಸರಿಹೋಗುತ್ತದೆ" ಎಂದು ಮುಂದುವರಿದ ದಾಖಲೆಗಳಿಗೆ ಬೆಲೆಯಿಲ್ಲ.

ಎರಡನೆಯ ಮಾರ್ಗ

ಬಹಳ ಮಂದಿ ಬಿಟ್ಟುಬಿಡುವುದು ಇದನ್ನೇ, ಇಡೀ ಪ್ರಯೋಗದಲ್ಲಿ ಹೆಚ್ಚು ಕೆಲಸಕ್ಕೆ ಬರುವುದೂ ಇದೇ. ಪಿಪೆಟ್‌ನ ಇನ್ನೊಂದು ಬದಿಗೆ ಎರಡನೆಯ ಪ್ರಚೋದಕ ಇಳಿಸಿ. ಎರಡು ಮಾರ್ಗಗಳನ್ನು 15 ಸೆಕೆಂಡ್ ಅಂತರದಲ್ಲಿ ಸರದಿಯಂತೆ ಪ್ರಚೋದಿಸಿದರೆ ಪ್ರತಿಯೊಂದಕ್ಕೂ 30 ಸೆಕೆಂಡಿಗೊಮ್ಮೆ ಪಲ್ಸ್ ಬೀಳುತ್ತದೆ. ಅವು ಬೇರೆಬೇರೆ ತಂತುಗಳೇ ಎಂದು ಪರೀಕ್ಷಿಸಲು, ಒಂದಕ್ಕೆ ಪಲ್ಸ್ ಕೊಟ್ಟ 50 ಮಿಲಿಸೆಕೆಂಡ್ ನಂತರ ಇನ್ನೊಂದಕ್ಕೆ ಕೊಡಿ. ಎರಡನೆಯದು ಒಂಟಿಯಾಗಿ ಬಂದಾಗಿನಷ್ಟೇ ಇದ್ದರೆ ತಂತುಗಳು ಬೇರೆ. ದೊಡ್ಡದಾದರೆ ಹಂಚಿಕೊಂಡಿವೆ, ಎಲೆಕ್ಟ್ರೋಡ್ ಸರಿಸಿ.

ತೀವ್ರ ಪ್ರಚೋದನೆ ಕೊಡುವುದು ಒಂದಕ್ಕೆ ಮಾತ್ರ. ಆಮೇಲೆ ಎರಡೂ ಏರಿದರೆ ಅದು ಉಷ್ಣತೆಯೋ, ಆಮ್ಲಜನಕವೋ, ಪಿಪೆಟ್ ಸರಿದದ್ದೋ ಇರಬೇಕು. ಒಂದೇ ಏರಿ ಇನ್ನೊಂದು ಕದಲದೆ ನಿಂತರೆ ಏರಿಕೆ ಆ ಮಾರ್ಗದ್ದೇ. ಎಲ್‌ಟಿಪಿ ಮಾರ್ಗನಿಷ್ಠ ಎನ್ನುವುದು ಇದಕ್ಕೇ.

ಪ್ರಚೋದನೆ

ಎರಡು ಬಗೆ ಚಾಲ್ತಿಯಲ್ಲಿವೆ. ಒಂದು, 100 ಹರ್ಟ್ಸ್‌ನಲ್ಲಿ 1 ಸೆಕೆಂಡ್. ಇನ್ನೊಂದು ಥೀಟಾ ಬರ್ಸ್ಟ್: 100 ಹರ್ಟ್ಸ್‌ನ 4 ಪಲ್ಸ್‌ಗಳ ಗುಚ್ಛ, 200 ಮಿಲಿಸೆಕೆಂಡಿಗೊಂದರಂತೆ 10 ಗುಚ್ಛ. ಇಲಿ ಓಡಾಡುವಾಗ ಹಿಪೊಕ್ಯಾಂಪಸ್‌ನಲ್ಲಿ ಕಾಣುವ ಥೀಟಾ ಲಯಕ್ಕೆ ಹತ್ತಿರವಿರುವುದು ಎರಡನೆಯದು. ಮೊದಲ ಗುಚ್ಛದಲ್ಲಿ ಬಿಡುಗಡೆಯಾದ ಗಾಬಾ ತನ್ನದೇ ತುದಿಯ ಗಾಬಾ-ಬಿ ಗ್ರಾಹಕಗಳ ಮೂಲಕ ಮುಂದಿನ ಬಿಡುಗಡೆಯನ್ನು ತಗ್ಗಿಸುತ್ತದೆ, ಆ ತಗ್ಗು ಆಳವಾಗಿರುವುದು ಸುಮಾರು 200 ಮಿಲಿಸೆಕೆಂಡಿನ ಹೊತ್ತಿಗೆ. ಹೀಗಾಗಿ ಕಡಿಮೆ ಪಲ್ಸ್‌ನಲ್ಲೇ ಮೆಗ್ನೀಸಿಯಂ ಜಾಗ ಬಿಡುತ್ತದೆ. ಆಯ್ಕೆ ನಮಗೆ ಬಿಟ್ಟಿದ್ದರೆ ಥೀಟಾ ಬರ್ಸ್ಟ್. ಕರೆಂಟ್ ಬೇಸ್‌ಲೈನಿನಷ್ಟೇ ಇರಲಿ.

ಮುಂದೆ ಕನಿಷ್ಠ 60 ನಿಮಿಷ ದಾಖಲಿಸಿ. ಮೊದಲ ಕೆಲವು ನಿಮಿಷಗಳ ಎತ್ತರದ ಏರಿಕೆ ತಂತುವಿನ ತುದಿಯಲ್ಲಿ ಉಳಿದ ಕ್ಯಾಲ್ಸಿಯಂನದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊನೆಯ 10 ನಿಮಿಷದ ಸರಾಸರಿ ಬೇಸ್‌ಲೈನಿನ 130–160 ಶೇಕಡಾ ಇದ್ದರೆ ಕೆಲಸ ಸರಿಯಾಗಿದೆ. ಹತ್ತು ಹದಿನೈದು ನಿಮಿಷದಲ್ಲಿ ಮೊದಲಿನ ಮಟ್ಟಕ್ಕೆ ಇಳಿದರೆ ಎನ್‌ಎಂಡಿಎ ಹಂತ ದಾಟಿಲ್ಲ: ಮೆಗ್ನೀಸಿಯಂ ಹೆಚ್ಚಿರಬಹುದು, ಚೇಂಬರ್ ತಣ್ಣಗಿರಬಹುದು, ಬೇಸ್‌ಲೈನ್ ಕರೆಂಟ್ ತೀರಾ ಕಡಿಮೆಯಿರಬಹುದು. ಪ್ರತಿಬಂಧವೇ ಕಾರಣವೆನಿಸಿದರೆ ಗಾಬಾ ತಡೆಯನ್ನು ತೆಗೆಯುವ ಪಿಕ್ರೊಟಾಕ್ಸಿನ್ 50–100 ಮೈಕ್ರೋಮೋಲಾರ್ ಹಾಕಬಹುದು. ಆದರೆ ಮೊದಲು ಸಿಎ3ಯನ್ನು ಸಣ್ಣ ಚಾಕುವಿನಿಂದ ಬೇರ್ಪಡಿಸಿ. ಸಿಎ3 ಕೋಶಗಳು ಪರಸ್ಪರ ಜೋಡಿಸಿಕೊಂಡಿವೆ; ತಡೆ ಹೋದೊಡನೆ ಅಲ್ಲಿಂದ ಎದ್ದ ಅಲೆಗಳು ಸಿಎ1ರ ದಾಖಲೆಯನ್ನು ಕೆಡಿಸುತ್ತವೆ.

ವಾಲಿಯನ್ನೂ ಕೊನೆಯವರೆಗೆ ಅಳೆಯಿರಿ. ಇಳಿಜಾರಿನ ಜೊತೆ ವಾಲಿಯೂ ಏರಿದ್ದರೆ ಈಗ ಹೆಚ್ಚು ತಂತುಗಳು ಉರಿಯುತ್ತಿವೆ ಎಂದರ್ಥ. ಗ್ರಾಫ್ ಎಷ್ಟೇ ಚೆನ್ನಾಗಿದ್ದರೂ ಆ ಸ್ಲೈಸ್ ಲೆಕ್ಕದಿಂದ ಹೊರಗೆ.

ಔಷಧಗಳಿಂದ ಪರೀಕ್ಷೆ

50 ಮೈಕ್ರೋಮೋಲಾರ್ ಡಿ-ಎಪಿ5 ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ. ಪ್ರಚೋದನೆಗೆ 15–20 ನಿಮಿಷ ಮೊದಲೇ ಹರಿಸಿ. ಬಾಟಲಿಯಿಂದ ಚೇಂಬರಿಗೆ ಬರಲು ಹಿಡಿಯುವ ಹೊತ್ತನ್ನು ಬಣ್ಣದ ನೀರು ಬಿಟ್ಟು ಮೊದಲೇ ಅಳೆದಿಟ್ಟಿರಿ. ಬೇಸ್‌ಲೈನ್ ಕದಲಬಾರದು, ಎಲ್‌ಟಿಪಿ ಮೂಡಬಾರದು. ಒಂದೊಂದೇ ಪಲ್ಸ್ ಬೀಳುವಾಗ ಎನ್‌ಎಂಡಿಎ ರಂಧ್ರ ಮೆಗ್ನೀಸಿಯಂನಿಂದ ಹೇಗೂ ಮುಚ್ಚಿರುವುದರಿಂದ, ಅದನ್ನು ಇನ್ನೊಮ್ಮೆ ಮುಚ್ಚಿದರೆ ವ್ಯತ್ಯಾಸ ಕಾಣುವುದಿಲ್ಲ. ಬೇಸ್‌ಲೈನ್ ಕುಸಿದರೆ ಮೆಗ್ನೀಸಿಯಂ ಕಡಿಮೆ ಬಿದ್ದಿದೆಯೇ ಪರೀಕ್ಷಿಸಿ. ಎಲ್‌ಟಿಪಿ ಮೂಡಿ ಅರ್ಧ ಗಂಟೆಯಾದ ಮೇಲೆ ಅದೇ ಔಷಧ ಕೊಟ್ಟರೆ ಏರಿಕೆ ಇಳಿಯುವುದಿಲ್ಲ; ಎನ್‌ಎಂಡಿಎ ಬೇಕಿರುವುದು ಮೂಡಿಸಲು, ಉಳಿಸಿಕೊಳ್ಳಲು ಅಲ್ಲ.

ಪ್ರಯೋಗ ಮುಗಿಸುವ ಮುನ್ನ 10 ಮೈಕ್ರೋಮೋಲಾರ್ ಸಿಎನ್‌ಕ್ಯೂಎಕ್ಸ್ ಹರಿಸಿ. ಆಂಪಾ ಅಲೆ ಮಾಯವಾಗಿ ವಾಲಿ ಮಾತ್ರ ಉಳಿಯಬೇಕು. ಹೀಗೆ ಉಳಿದ ಗೆರೆಯನ್ನು ಮೊದಲಿನ ದಾಖಲೆಯಿಂದ ಕಳೆದರೆ ಶುದ್ಧ ಸಿನಾಪ್ಟಿಕ್ ಅಲೆ ಸಿಗುತ್ತದೆ.

ಡಿಎಂಎಸ್‌ಒದಲ್ಲಿ ಕರಗಿಸುವ ಔಷಧಗಳಿಗೆ ಡಿಎಂಎಸ್‌ಒ 0.1 ಶೇಕಡಾ ದಾಟದಿರಲಿ, ಅಷ್ಟನ್ನೇ ಹಾಕಿದ ನಿಯಂತ್ರಣ ಸ್ಲೈಸ್‌ಗಳೂ ಇರಲಿ. ಕ್ಯಾಮ್‌ಕೈನೇಸ್ ತಡೆಯಲು ಕೆಎನ್-93 ಬಳಸುವವರು ಅದರ ನಿಷ್ಕ್ರಿಯ ಜೋಡಿ ಕೆಎನ್-92 ಅನ್ನೂ ಓಡಿಸಬೇಕು, ಏಕೆಂದರೆ ಕೆಎನ್-93 ಅಯಾನು ಚಾನೆಲ್‌ಗಳನ್ನೂ ತಡೆಯುತ್ತದೆ. ಹೊಸ ಪ್ರೋಟೀನ್ ತಯಾರಿಕೆ ಬೇಕಾಗುವ ತಡವಾದ ಹಂತ ನೋಡಬೇಕಿದ್ದರೆ ತೀವ್ರ ಪ್ರಚೋದನೆಯ ಒಂದು ಸರಣಿ ಸಾಲದು: 5–10 ನಿಮಿಷ ಅಂತರದಲ್ಲಿ ಮೂರು ನಾಲ್ಕು ಸರಣಿ ಕೊಟ್ಟು, ಮೂರು ಗಂಟೆಗೂ ಮೇಲ್ಪಟ್ಟು ದಾಖಲಿಸಿ, ಪ್ರೋಟೀನ್ ತಯಾರಿಕೆ ತಡೆಯುವ ಅನಿಸೊಮೈಸಿನ್ ಕೊಟ್ಟ ಸ್ಲೈಸ್‌ಗಳ ಜೊತೆ ಹೋಲಿಸಬೇಕು. ಅಷ್ಟು ಹೊತ್ತು ಸ್ಲೈಸ್ ಬಾಳಲು, ಮುಳುಗಿಸುವ ಚೇಂಬರಿಗಿಂತ ಮೇಲ್ಬದಿ ತೇವಗೊಂಡ ಕಾರ್ಬೋಜನ್‌ಗೆ ತೆರೆದಿರುವ ಇಂಟರ್‌ಫೇಸ್ ಚೇಂಬರ್ ಅನುಕೂಲ.

ಲೆಕ್ಕ

ಪ್ರತಿ ಸ್ಲೈಸ್‌ನ ಇಳಿಜಾರನ್ನು ಅದರದೇ ಬೇಸ್‌ಲೈನ್ ಸರಾಸರಿಯಿಂದ ಭಾಗಿಸಿ 100 ಶೇಕಡಾಕ್ಕೆ ತನ್ನಿ. ಒಂದೇ ಪ್ರಾಣಿಯ ನಾಲ್ಕು ಸ್ಲೈಸ್ ಎಂದರೆ ನಾಲ್ಕು ಸ್ವತಂತ್ರ ಅಳತೆಗಳಲ್ಲ. ಅವುಗಳ ಸರಾಸರಿ ತೆಗೆದು ಪ್ರಾಣಿಯನ್ನೇ ಒಂದು ಅಂಕಿಯಾಗಿ ಎಣಿಸಿ, ಅಥವಾ ಸ್ಲೈಸ್ ಯಾವ ಪ್ರಾಣಿಯದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಶ್ರ ಮಾದರಿ ಬಳಸಿ. ನಿಯಂತ್ರಣದ ದಾಖಲೆಗಳನ್ನೆಲ್ಲ ಒಂದು ವಾರ, ಔಷಧದ್ದನ್ನೆಲ್ಲ ಮುಂದಿನ ವಾರ ಮಾಡಿದರೆ, ದ್ರಾವಣದ ಹೊಸ ಬ್ಯಾಚ್ ಔಷಧದ ಪರಿಣಾಮದಂತೆ ಕಾಣಬಹುದು. ಎರಡನ್ನೂ ಒಂದೇ ದಿನ, ಸರದಿ ಅದಲುಬದಲು ಮಾಡಿ ಓಡಿಸಿ. ಬಾಟಲಿಯ ಮೇಲೆ ಔಷಧದ ಹೆಸರಿನ ಬದಲು ಸಂಕೇತಾಕ್ಷರವನ್ನು ಬೇರೊಬ್ಬರ ಕೈಯಲ್ಲಿ ಬರೆಸಿ. ಯಾವ ಸ್ಲೈಸ್ ಬಿಡಬೇಕೆಂಬ ನಿಯಮವನ್ನು, ಅಂದರೆ ಬೇಸ್‌ಲೈನ್ 5 ಶೇಕಡಾ, ವಾಲಿಯ ಬದಲಾವಣೆ 10 ಶೇಕಡಾ, ಎರಡನೆಯ ಮಾರ್ಗದ ಸರಿತ 10 ಶೇಕಡಾ ಎಂಬಂಥ ಮಿತಿಗಳನ್ನು, ಮೊದಲ ಪ್ರಾಣಿಗೆ ಮುಂಚೆಯೇ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ.